ತಣ್ಣಗಾದ ಬ್ರೇಕು

ದೀಪಾವಳಿಗೆ ಇನ್ನೆರಡು ದಿನ ಇತ್ತು. ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನು ಬಿಟ್ಟು ಭರಮಸಾಗರಕ್ಕೆ ಇಳಿಯುವ ಸರ್ವಿಸ್ ರಸ್ತೆಯಲ್ಲಿ, ಆ ತಿಂಗಳು ನಮ್ಮ ಕಡೆ ಎಲ್ಲಾ ಕಾಣುವ ಹಾಗೆ, ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು. ಕಾಳಿನ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಕಲ್ಲಿನ ಆಚೆ ಒಬ್ಬ ಅಜ್ಜಿ ಗೋಣಿಚೀಲದ ಮೇಲೆ ಕೂತು ಕೋಳಿ ಓಡಿಸುತ್ತಿದ್ದಳು. ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಕಾರು ಓಡಿಸುತ್ತಿದ್ದ. ನಾನು ಪಕ್ಕದಲ್ಲಿದ್ದೆ. ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಅಣ್ಣ ಬ್ರೇಕ್ ತುಳಿದ. ಪೆಡಲು ಎಂದಿನ ಜಾಗದಲ್ಲಿ ನಿಲ್ಲದೆ ಮೆತ್ತಗೆ ಕೆಳಗೆ ಹೋಯಿತು. ಅವನು ಕಾಲೆತ್ತಿ ಮತ್ತೆ ತುಳಿದ. ಎರಡನೇ ಸಲ ಹಿಡಿಯಿತು. ಅಷ್ಟರಲ್ಲಿ ಎಡಗಡೆಯ ಚಕ್ರ ಕಲ್ಲುಗಳನ್ನು ದಾಟಿ ಕಾಳಿನ ಮೇಲೆ ಜಾರಿ, ಅಜ್ಜಿಯಿಂದ ಮೂರು ಮಾರು ದೂರದಲ್ಲಿ ನಿಂತಿತು.

ಅಜ್ಜಿ ಎದ್ದು ನಿಂತಳು. ಕಾರಿನ ಕಡೆ ನೋಡದೆ ಕಾಳಿನ ಕಡೆ ನೋಡಿದಳು. ಆಮೇಲೆ ಕೇಳಿದಳು: "ಬ್ರೇಕ್ ಇಲ್ಲೇನಪ್ಪಾ ಈ ಗಾಡಿಗೆ?"

"ಐತೆ ಅಜ್ಜಿ, ಕಾಲು ಜಾರ್ತು" ಎಂದ ಅಣ್ಣ.

ನಾನು ಸುಮ್ಮನಿದ್ದೆ. ಇಬ್ಬರೂ ಇಳಿದು, ಚದುರಿದ ಕಾಳನ್ನು ಕೈಯಲ್ಲೇ ಬಳಿದು ರಾಶಿಗೆ ಸೇರಿಸಿದೆವು. ಅಜ್ಜಿ ಬೈದಳು, ಆಮೇಲೆ ಬೈಯುವುದನ್ನು ಬಿಟ್ಟು ಯಾರ ಮನೆಯವರು ಎಂದು ವಿಚಾರಿಸಿದಳು. ನಾವು ಮತ್ತೆ ಕಾರು ಹತ್ತಿ ಮನೆಗೆ ಹೋದೆವು.

ಕಾಲು ಜಾರಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು, ಬರೆದ ಎರಡು ಅಧ್ಯಾಯಗಳಲ್ಲಿ ಜವಾಬ್ದಾರಿ ಎಂಬ ಪದವನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಆದರೂ ಅಜ್ಜಿಯ ಆ ಪ್ರಶ್ನೆಗೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಈ ಬರಹ ಆ ಉತ್ತರ ಬರೆಯುವ ಪ್ರಯತ್ನ.

ಎರಡು ದಿನ ಹಿಂದಕ್ಕೆ ಹೋಗಬೇಕು. ಅಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾರಿನ ಹುಚ್ಚು ಹಳೆಯದು. ಭಾರತದಲ್ಲಿ ಕಾರನ್ನು ಮನಸಾರೆ ಓಡಿಸಲು ಇರುವ ಟ್ರ್ಯಾಕುಗಳು ಬೆರಳೆಣಿಕೆಯಷ್ಟು: ಚೆನ್ನೈ ಬಳಿಯ ಇರುಂಗಟ್ಟುಕೋಟ್ಟೈನದು, ರೇಸಿಂಗ್ ಕಾರುಗಳ ವಿನ್ಯಾಸಕ ಎಸ್. ಕರಿವರ್ಧನ್ ಹೆಸರಿನಲ್ಲಿ ಕೊಯಮತ್ತೂರಿನ ಬಳಿ ಇರುವುದು, 2011ರಲ್ಲಿ ಫಾರ್ಮುಲಾ ಒನ್ ನಡೆದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್, ಹೀಗೆ. ಇಂಥ ಕಡೆ ಕೆಲವು ದಿನ ಸಾಮಾನ್ಯ ಜನರೂ ಹಣ ಕಟ್ಟಿ, ತಮ್ಮದೇ ಕಾರು ತಂದು, ಹೆಲ್ಮೆಟ್ ಹಾಕಿ ಸುತ್ತು ಹೊಡೆಯಬಹುದು. ಇದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಅಣ್ಣ ತಮಿಳುನಾಡಿನ ಒಂದು ಟ್ರ್ಯಾಕಿಗೆ ಹೊರಟಾಗ, ಅಲ್ಲಿಂದ ಹಬ್ಬಕ್ಕೆ ಒಟ್ಟಿಗೆ ಊರಿಗೆ ಹೋಗೋಣ ಎಂದು ನನ್ನನ್ನೂ ಕರೆದ.

ಆ ದಿನವನ್ನು ಹಳಿಯುವ ಉದ್ದೇಶ ನನಗಿಲ್ಲ. ಅಣ್ಣನ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅವನ ಪಕ್ಕ ಕೂತು ಎರಡು ಸುತ್ತು ಹೋದಾಗ ನನಗೂ ಮೈ ಜುಮ್ಮೆಂದಿತು. ಮೂರನೇ ಸರದಿಯಲ್ಲಿ ಪೆಡಲು ಸ್ಪಂಜಿನ ಹಾಗೆ ಮೆತ್ತಗಾಯಿತು. ಕಾರು ನಿಲ್ಲಿಸಿದಾಗ ಚಕ್ರಗಳ ಹತ್ತಿರ ಸುಟ್ಟ ವಾಸನೆ. ಪಕ್ಕದಲ್ಲಿ ತನ್ನ ಕಾರಿನ ಬಾನೆಟ್ ತೆಗೆದು ನಿಂತಿದ್ದ ಅನುಭವಿಯೊಬ್ಬರು ಬಂದು ನೋಡಿದರು. "ಆಯಿಲ್ ಕುದ್ದಿದೆ. ಯಾವಾಗ ಬದಲಿಸಿದ್ರಿ?" ಎಂದು ಕೇಳಿದರು. ಕಾರಿಗೆ ನಾಲ್ಕು ವರ್ಷ. ಅಣ್ಣ ಒಮ್ಮೆಯೂ ಬದಲಿಸಿರಲಿಲ್ಲ. "ಹಾಗಾದ್ರೆ ಇಲ್ಲೇ ಯಾವುದಾದ್ರೂ ಗ್ಯಾರೇಜಲ್ಲಿ ಬದಲಿಸಿ, ಪ್ಯಾಡೂ ನೋಡಿಸಿ, ಆಮೇಲೆ ಹೈವೇಗೆ ಹೋಗಿ" ಎಂದರು.

ಅವರು ಹೇಳಿದ್ದು ಎಷ್ಟು ಸರಿ ಎನ್ನಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು. 1200 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 4.6 ಲಕ್ಷ ಜೂಲ್. ಕಾರು ನಿಂತಾಗ ಆ ಶಕ್ತಿ ಮಾಯವಾಗುವುದಿಲ್ಲ. ಅದರ ಬಹುಪಾಲು ಡಿಸ್ಕು ಮತ್ತು ಪ್ಯಾಡುಗಳಲ್ಲಿ ಶಾಖವಾಗುತ್ತದೆ. ಒಂದು ಸಲ ಬ್ರೇಕ್ ಹಾಕಿದಾಗ ಹುಟ್ಟುವ ಆ ಶಾಖ ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಊರಿನ ರಸ್ತೆಯಲ್ಲಿ 50ರ ವೇಗದಲ್ಲಿ ಹೋಗುವಾಗ ಇದರ ಕಾಲು ಭಾಗ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಬ್ರೇಕು, ನಡುವೆ ತಣಿಯಲು ಪುರಸೊತ್ತಿಲ್ಲ.

ನಮ್ಮ ಕಾಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಬ್ರೇಕ್ ಆಯಿಲ್. ಸಾಮಾನ್ಯವಾಗಿ ಬಳಸುವ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7ರಷ್ಟು ಶೇಕಡಾ ನೀರು ಸೇರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಆಯಿಲ್ ಕುದ್ದಾಗ ಕೊಳವೆಯಲ್ಲಿ ಆವಿಯ ಗುಳ್ಳೆ ಹುಟ್ಟುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಇತ್ತ ಪ್ಯಾಡಿನ ಮೇಲ್ಮೈ ಅತಿ ಶಾಖಕ್ಕೆ ಗಾಜಿನ ಹಾಗೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪ್ಯಾಡಿನ ಅಂಶ ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿಕೊಂಡರೆ ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ. ತಿಳಿದವರು ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಮುಟ್ಟದೆ ಹೋಗುತ್ತಾರೆ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಮನೆಗೆ ಹೊರಡುವ ಮೊದಲು ಚಕ್ರ ಬಿಚ್ಚಿ ನೋಡುತ್ತಾರೆ.

ಈ ಎಲ್ಲದರಲ್ಲಿ ನನ್ನನ್ನು ಕಾಡುವ ಸಂಗತಿ ಒಂದೇ. ಕುದ್ದ ಆಯಿಲ್ ತಣ್ಣಗಾದ ಮೇಲೆ ಆವಿ ಬಹುಮಟ್ಟಿಗೆ ಮತ್ತೆ ದ್ರವವಾಗುತ್ತದೆ. ಪೆಡಲು ಮತ್ತೆ ಗಟ್ಟಿಯಾಗುತ್ತದೆ. ಕೆಟ್ಟದ್ದು ಕೆಟ್ಟೇ ಇರುತ್ತದೆ, ಕಾಲಿಗೆ ಮಾತ್ರ ತಿಳಿಯುವುದಿಲ್ಲ. ಸಂಜೆ ಚಹಾ ಕುಡಿದು ಬಂದು ಅಣ್ಣ ಮೂರು ಸಲ ಪೆಡಲು ಒತ್ತಿದ. "ನೋಡೋ, ಕಲ್ಲಿನಂಗೆ ಐತೆ" ಎಂದ. ಗ್ಯಾರೇಜಿಗೆ ಹೋದರೆ ಒಂದು ದಿನ ಹೋಗುತ್ತದೆ, ಹಬ್ಬ ಹತ್ತಿರ. ನಾನು ಹೂಂ ಎಂದೆ. ಬರುವಾಗ ತೊಪ್ಪೂರು ಘಾಟಿ ನಮಗೆ ಏರುದಾರಿ, ಬ್ರೇಕಿನ ಕೆಲಸವೇ ಬೀಳಲಿಲ್ಲ. ಒಂದು ರಾತ್ರಿ ಬೆಂಗಳೂರಿನಲ್ಲಿ ಮಲಗಿ ಮಾರನೇ ದಿನ ಹೊರಟೆವು. ಟೋಲ್‌ಗಳ ಹತ್ತಿರ ವೇಗ ಇಳಿಸುವಾಗ ಸ್ಟೇರಿಂಗ್ ನಡುಗಿತು. "ರಸ್ತೆ ಸರಿ ಇಲ್ಲ" ಎಂದ ಅಣ್ಣ. ಅಲ್ಲಿ ರಸ್ತೆ ಚೆನ್ನಾಗಿಯೇ ಇತ್ತು. ನಾನು ಆಗಲೂ ಹೂಂ ಎಂದೆ.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರ ಮೊದಲಲ್ಲೇ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಕಂಡದ್ದು. ವಲಸೆ ಹೋಗುವ ಕುಟುಂಬಗಳು ಅದನ್ನು ಹತ್ತಲಿವೆ. ಮಾಲೀಕನಿಗೆ ಅನುಮಾನ ಇದೆ. ಆದರೆ ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ, ದೇವರಿದ್ದಾನೆ ಎಂದು ಸಮಾಧಾನ ಹೇಳಿಕೊಂಡು ಅನುಮಾನವನ್ನು ಒಳಗೇ ಅದುಮುತ್ತಾನೆ. ಕೊನೆಗೆ ನಿಜವಾಗಿಯೂ ನಂಬಿಬಿಡುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣ ಪಡೆಯುತ್ತಾನೆ. ಕ್ಲಿಫರ್ಡ್ ಹೇಳುವುದು: ಅವನ ನಂಬಿಕೆ ಪ್ರಾಮಾಣಿಕವಾಗಿದ್ದರೂ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಹಾಗೆ ನಂಬುವ ಹಕ್ಕೇ ಅವನಿಗೆ ಇರಲಿಲ್ಲ. ಮುಂದೆ ಇನ್ನೊಂದು ಹೆಜ್ಜೆ ಇಡುತ್ತಾನೆ. ಹಡಗು ಮುಳುಗದೆ ಕ್ಷೇಮವಾಗಿ ತಲುಪಿದ್ದರೂ ಅವನ ತಪ್ಪು ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಸಿಕ್ಕಿಬೀಳುತ್ತಿರಲಿಲ್ಲ, ಅಷ್ಟೇ.

ಇದನ್ನು ನಾನು ಎಂ.ಎ. ತರಗತಿಯಲ್ಲೇ ಓದಿದ್ದೆ, ಜೂನಿಯರ್‌ಗಳಿಗೆ ಪಾಠವನ್ನೂ ಮಾಡಿದ್ದೆ. ಮೂರು ಸಲ ಪೆಡಲು ಒತ್ತಿ ನಂಬಿಕೆ ತಯಾರಿಸಿಕೊಂಡ ಅಣ್ಣನೂ, ಆ ನಂಬಿಕೆಗೆ ಹೂಂ ಎಂದ ನಾನೂ ಅದೇ ಮಾಲೀಕನ ಸಂತಾನ ಎಂದು ಅಂದು ಹೊಳೆಯಲಿಲ್ಲ. ಗೊತ್ತಿಲ್ಲದಿರುವುದು ಒಂದು. ಗೊತ್ತುಮಾಡಿಕೊಳ್ಳಲು ಸಾಧ್ಯವೇ ಇಲ್ಲದಿರುವುದು ಇನ್ನೊಂದು. ಗೊತ್ತಾಗದಿರಲಿ ಎಂದು ಬಯಸುವುದು ಮೂರನೆಯದು. ನಮ್ಮದು ಮೂರನೆಯದಾಗಿತ್ತು.

ಆದರೆ ಕ್ಲಿಫರ್ಡ್ ಹೇಳಿದ್ದನ್ನು ಪೂರ್ತಿ ಒಪ್ಪುವುದು ಅಷ್ಟು ಸುಲಭವಲ್ಲ. ಆ ಮಧ್ಯಾಹ್ನ ಕಾರು ಮೂರು ಮಾರು ಹೆಚ್ಚು ಜಾರಿದ್ದರೆ? ಆಗಲೂ ನಮ್ಮ ತಪ್ಪು ಇಷ್ಟೇ, ಒಂದು ಕಾಳಿನಷ್ಟೂ ಹೆಚ್ಚಲ್ಲ ಎಂದು ಆ ಅಜ್ಜಿಯ ಮಕ್ಕಳೆದುರು ಹೇಳಲು ಸಾಧ್ಯವೇ? 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 'ನೈತಿಕ ಅದೃಷ್ಟ' ಎಂಬ ಒಂದೇ ಹೆಸರಿನಲ್ಲಿ ಪ್ರಬಂಧಗಳನ್ನು ಮಂಡಿಸಿದರು. ಇಬ್ಬರಲ್ಲೂ ಒಬ್ಬ ಲಾರಿ ಚಾಲಕನಿದ್ದಾನೆ. ನೇಗಲ್‌ನ ಉದಾಹರಣೆಯಂತೂ ಬ್ರೇಕಿನದ್ದೇ. ಚಾಲಕನೊಬ್ಬ ಬ್ರೇಕು ಪರೀಕ್ಷೆ ಮಾಡಿಸುವುದನ್ನು ಉದಾಸೀನ ಮಾಡಿದ್ದಾನೆ. ಮಗುವೊಂದು ಅಡ್ಡ ಬಂತೆನ್ನಿ, ಜೀವನವಿಡೀ ಆ ಸಾವನ್ನು ಹೊತ್ತು ತಿರುಗುತ್ತಾನೆ. ಬರಲಿಲ್ಲವೆನ್ನಿ, ಅದೇ ಉದಾಸೀನಕ್ಕೆ ತನ್ನನ್ನು ಸ್ವಲ್ಪ ಬೈದುಕೊಂಡು ಮರೆಯುತ್ತಾನೆ. ಮಗು ಅಡ್ಡ ಬರುವುದು, ಬಿಡುವುದು ಅವನ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಯಾರನ್ನೂ ದೂರಬಾರದು ಎನ್ನುತ್ತೇವೆ, ಮತ್ತೆ ಅದರ ಮೇಲೆಯೇ ದೂರಿನ ತೂಕ ನಿರ್ಧರಿಸುತ್ತೇವೆ. ವಿಲಿಯಮ್ಸ್‌ನ ಲಾರಿ ಚಾಲಕನದು ಏನೂ ತಪ್ಪಿಲ್ಲ. ಆದರೂ ಅವನ ನೋವು ಪಕ್ಕದಲ್ಲಿ ನಿಂತು ನೋಡಿದವನ ನೋವಿನ ಹಾಗಲ್ಲ, ಹಾಗಿರಲೂಬಾರದು ಎನ್ನುತ್ತಾನೆ.

ನಮ್ಮ ಕಾನೂನಿನಲ್ಲೂ ಇದೇ ಇಬ್ಬಗೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, ಅಪಾಯಕಾರಿ ದೋಷವಿರುವ ವಾಹನವನ್ನು ರಸ್ತೆಗೆ ತರುವುದೇ ಅಪರಾಧ ಎನ್ನುತ್ತದೆ. ದೋಷ ಗೊತ್ತಿರಬೇಕೆಂದೇನಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ ಸಾಕು. ಇಲ್ಲಿಯವರೆಗೆ ಕಾನೂನು ಕ್ಲಿಫರ್ಡನ ಜೊತೆಗಿದೆ. ಆದರೆ ಅದೇ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ, ಬರೀ ದಂಡ ಇದ್ದದ್ದು ಮೂರು ತಿಂಗಳವರೆಗಿನ ಸೆರೆಗೆ ಏರಬಹುದು. ತಪ್ಪು ಅದೇ, ಫಲ ಬೇರೆ, ಶಿಕ್ಷೆಯೂ ಬೇರೆ. ಓಡಿಸಿದವನ ಜೊತೆಗೆ, ಓಡಿಸಲು ಬಿಟ್ಟವನನ್ನೂ ಆ ಕಲಂ ಹಿಡಿಯುತ್ತದೆ. ಇದು ಮುಖ್ಯ. ಮಾಲೀಕ ಬ್ರೇಕ್ ರಿಪೇರಿಗೆ ಹಣ ಕೊಡದೆ, ಲೋಡು ತುಂಬಿಸಿ ಕಳಿಸುವ ಲಾರಿಯ ಚಾಲಕನಿಗೂ ನಮಗೂ ವ್ಯತ್ಯಾಸವಿದೆ. ಬೇಡ ಎಂದರೆ ಅವನ ಕೆಲಸ ಹೋಗುತ್ತದೆ. ನಾವು ಬೇಡ ಎಂದಿದ್ದರೆ ಒಂದು ದಿನ ಹೋಗುತ್ತಿತ್ತು.

ಮತ್ತೆ ಊರಿಗೆ ಬರುತ್ತೇನೆ. ಮಾರನೇ ಬೆಳಿಗ್ಗೆ ಕಾರನ್ನು ಸಮೀಪದ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ ಪ್ಯಾಡು ಹೊರತೆಗೆದು ಅಂಗೈಯಲ್ಲಿ ಇಟ್ಟುಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಂಚುಗಳು ಪುಡಿಯಾಗಿದ್ದವು. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಪ್ಯಾಡು ದಾವಣಗೆರೆಯಿಂದ ಬರಬೇಕು, ಹಬ್ಬ ಮುಗಿಯಬೇಕು ಎಂದ. ಅಲ್ಲಿಯವರೆಗೆ ನಿಧಾನಕ್ಕೆ ಓಡಿಸಿಕೊಂಡಿರುತ್ತೇನೆ ಎಂದು ಅಣ್ಣ ಕೀಲಿಗೆ ಕೈ ಚಾಚಿದ. ಮೆಕ್ಯಾನಿಕ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಕಾರು ನಿಮ್ದು ಸರ್. ಆದ್ರೆ ಬಿಚ್ಚಿ ನೋಡಿದ್ ಮೇಲೆ ನಾನೂ ನೋಡಿದಂಗಾತಲ್ಲ. ಈಗ ಕೊಟ್ರೆ ನಂಗೂ ಬರ್ತೈತೆ" ಎಂದ. ಏನು ಬರುತ್ತದೆ ಎಂದು ಅವನು ಬಿಡಿಸಿ ಹೇಳಲಿಲ್ಲ. ಕ್ಲಿಫರ್ಡ್ ಓದಿದ್ದ ನಾನು ಎರಡು ದಿನದಲ್ಲಿ ಮಾಡದ ಕೆಲಸವನ್ನು ಅವನು ಒಂದು ನಿಮಿಷದಲ್ಲಿ ಮಾಡಿದ್ದ.

ಅಂದು ಸಂಜೆ ನಾನೊಬ್ಬನೇ ಆ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಕಾಳನ್ನು ಚೀಲಕ್ಕೆ ತುಂಬುತ್ತಿದ್ದಳು. ಚೀಲದ ಬಾಯಿ ಹಿಡಿದುಕೊಂಡು, ನಿನ್ನೆ ಕಾಲು ಜಾರಿದ್ದಲ್ಲ, ಬ್ರೇಕೇ ಸರಿ ಇರಲಿಲ್ಲ, ನಮಗೆ ಮೊದಲೇ ಅನುಮಾನ ಇತ್ತು ಎಂದೆ. ಒಳಗೊಳಗೆ ನನಗೆ ಎರಡರಲ್ಲಿ ಒಂದು ಬೇಕಿತ್ತು ಅನಿಸುತ್ತದೆ: ಚೆನ್ನಾಗಿ ಬೈಸಿಕೊಳ್ಳುವುದು, ಇಲ್ಲವೇ 'ಹೋಗ್ಲಿ ಬಿಡು, ಏನೂ ಆಗಲಿಲ್ಲವಲ್ಲ' ಎನ್ನಿಸಿಕೊಳ್ಳುವುದು.

ಅವಳು ಎರಡನ್ನೂ ಕೊಡಲಿಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿ, "ನಿನ್ನೆನೇ ಹೇಳಿದ್ರೆ ಗಾಡೀನ ಮುಂದಕ್ಕೆ ಬಿಡ್ತಿರಲಿಲ್ಲ ನಾನು. ಮುಂದೆ ಇಸ್ಕೂಲ್ ಐತೆ. ಬಿಡೋ ಹೊತ್ತಾಗಿತ್ತು" ಎಂದಳು.

ಅವಳ ಮಾತು ಕೇಳುವವರೆಗೆ ನಾನು ಕಾಳಿನ ಮೇಲೆ ಕಾರು ನಿಂತ ಆ ಕ್ಷಣವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಅದರ ಮೊದಲು ಎಷ್ಟು ತಪ್ಪು, ಅದೃಷ್ಟ ಎಷ್ಟು, ನನ್ನ ಪಾಲೆಷ್ಟು ಎಂದು. ಅದರ ನಂತರದ್ದು ಲೆಕ್ಕದಲ್ಲೇ ಇರಲಿಲ್ಲ. ಆದರೆ ಮೊದಲಿನದಕ್ಕಾದರೂ ಗಟ್ಟಿಯಾದ ಪೆಡಲಿನ ನೆಪ ಇತ್ತು. ಕಾಳು ಬಳಿದು, ಸುಳ್ಳು ಹೇಳಿ, ಮತ್ತೆ ಕಾರು ಹತ್ತಿ ಶಾಲೆಯ ಮುಂದೆ ಹಾದುಹೋದೆವಲ್ಲ, ಅದಕ್ಕೆ ಯಾವ ನೆಪವೂ ಇರಲಿಲ್ಲ. ಕಣ್ಣೆದುರೇ ಬ್ರೇಕು ಹಿಡಿಯದ್ದನ್ನು ನೋಡಿಯೂ ಹೋದೆವು. ಕ್ಲಿಫರ್ಡನ ಮಾಲೀಕ ಸೋರುತ್ತಾ ಬಂದು ದಡ ಸೇರಿದ ಹಡಗನ್ನು ಅದೇ ಸಂಜೆ ಮತ್ತೆ ಕಳಿಸಿದ ಹಾಗಾಯಿತು. ಅಂದು ಶಾಲೆಯ ಮುಂದೆಯೂ ಏನೂ ಆಗಲಿಲ್ಲ. ಅದನ್ನು ನಾನು ಅದೃಷ್ಟ ಎಂದು ಕೂಡ ಗಮನಿಸಿರಲಿಲ್ಲ.

ಅಲ್ಲಿಂದ ಕೆರೆಯ ಕಡೆ ನಡೆದು ಹೋದೆ. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನಿಂದ ನಮ್ಮ ಊರಿಗೂ ಕೆರೆಗೂ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ನಾನು ಚಿಕ್ಕವನಿದ್ದಾಗ ಕೆರೆ ಬಹುತೇಕ ಒಣಗಿಯೇ ಇತ್ತು. ಏರಿಯ ಮೇಲೆ ಜಾಲಿ ಬೆಳೆದಿತ್ತು. ತೂಬು ಸರಿ ಇದೆಯೋ, ಏರಿಯಲ್ಲಿ ಬಿಲ ಬಿದ್ದಿದೆಯೋ ಎಂದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ನೀರೇ ಇಲ್ಲದ ಕೆರೆಯ ಏರಿ ಒಡೆಯುವುದಾದರೂ ಹೇಗೆ? ಆಮೇಲೆ ತುಂಗಭದ್ರೆಯ ನೀರು ಪೈಪುಗಳಲ್ಲಿ ಬಂತು, ಕೆರೆ ತುಂಬಿತು. ತುಂಬಿದ ದಿನಗಳಲ್ಲಿ ಎಲ್ಲರೂ ನೀರು ನೋಡಲು ಹೋದರೆ, ನಮ್ಮ ತಾತ ಏರಿಯ ಹಿಂಭಾಗಕ್ಕೆ ಹೋಗಿ ಎಲ್ಲಾದರೂ ತೇವ ಜಿನುಗುತ್ತಿದೆಯೇ ಎಂದು ನೋಡುತ್ತಿದ್ದರು. ಒಣಗಿದ ವರ್ಷಗಳಲ್ಲಿ ನೋಡದೆ ಬಿಟ್ಟದ್ದು ತುಂಬಿದ ದಿನ ಕಾಣಿಸುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ಟ್ರ್ಯಾಕಿನಲ್ಲಿ ಅಪಾಯವಿದೆ. ಆದರೆ ಅಲ್ಲಿ ಅಪಾಯಕ್ಕೆ ಸಹಿ ಹಾಕಿದವರೇ ಇರುತ್ತಾರೆ. ಹೆಲ್ಮೆಟ್ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ, ದಾರಿ ತಪ್ಪಿದರೆ ಜಾರಿ ನಿಲ್ಲಲು ಬಯಲಿರುತ್ತದೆ. ಅಜ್ಜಿ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಅಣ್ಣನ ಆ ದಿನದ ಖುಷಿಗೆ ತೆರಬೇಕಾದ ಬೆಲೆ ಎಂದರೆ ಎರಡು ಜೊತೆ ಪ್ಯಾಡು, ಒಂದು ಡಬ್ಬಿ ಆಯಿಲು, ಒಂದು ದಿನದ ಸಮಯ. ಅದನ್ನು ನಾವು ಅಲ್ಲೇ ತೆರದೆ, ಕೇಳದೆ, ಹೇಳದೆ ದಾರಿಯಲ್ಲಿ ಸಿಕ್ಕವರ ಲೆಕ್ಕಕ್ಕೆ ಬರೆದೆವು.

ಕ್ಲಿಫರ್ಡ್ ಸರಿಯೋ, ನೇಗಲ್ ಸರಿಯೋ ಎಂಬ ಪ್ರಶ್ನೆಯನ್ನು ನನ್ನ ಮೂರನೇ ಅಧ್ಯಾಯ ಬಿಡಿಸುತ್ತದೆ ಎಂಬ ಭರವಸೆ ಈಗ ನನಗಿಲ್ಲ. ಒಂದು ಮಾತನ್ನಂತೂ ಹೇಳಬಲ್ಲೆ. ಏನೂ ಆಗಲಿಲ್ಲ ಎನ್ನುವುದರಿಂದ ನಾವು ನಿರಪರಾಧಿಗಳಾಗುವುದಿಲ್ಲ. ಅದರಿಂದ ಸಿಗುವುದು ಸ್ವಲ್ಪ ಸಮಯ. ಸಾವು ಸಂಭವಿಸಿದವನಿಗೆ ಆ ಸಮಯ ಸಿಗುವುದಿಲ್ಲ. ಅವನಿಗೆ ರಿಪೇರಿ ಮಾಡಿಸಲು, ನಿಜ ಹೇಳಲು, ಕಾರನ್ನು ಅಲ್ಲೇ ಬಿಟ್ಟು ಮನೆಗೆ ನಡೆದುಕೊಂಡು ಹೋಗಲು ತಡವಾಗಿರುತ್ತದೆ. ನಮಗೆ ತಡವಾಗಿರಲಿಲ್ಲ. ಮನೆ ಅಲ್ಲಿಂದ ನಡೆದರೆ ಇಪ್ಪತ್ತು ನಿಮಿಷದ ದಾರಿ.

ಹಬ್ಬದ ಮೂರನೇ ದಿನ ದಾವಣಗೆರೆಯಿಂದ ಪ್ಯಾಡು ಬಂತು. ಮೆಕ್ಯಾನಿಕ್ ಹಳೆಯ ಆಯಿಲನ್ನು ನಾಲ್ಕೂ ಚಕ್ರಗಳಿಂದ ಇಳಿಸುವಾಗ ಪೆಡಲು ಒತ್ತುವ ಕೆಲಸ ನನಗೆ ಕೊಟ್ಟ. ಅವನು ಒತ್ತು ಎಂದಾಗ ಒತ್ತಿ ಹಿಡಿಯಬೇಕು, ಬಿಡು ಎನ್ನುವವರೆಗೆ ಬಿಡಬಾರದು. ಕೊಳವೆಯಿಂದ ಗುಳ್ಳೆಗಳು ಬಂದವು, ನಿಂತವು, ಮತ್ತೆ ಬಂದವು. ಕೊನೆಗೆ ತಿಳಿಯಾದ ಆಯಿಲ್ ಬಂತು. ಅಣ್ಣ ಕೀಲಿ ತೆಗೆದುಕೊಂಡು ಹೆದ್ದಾರಿಯ ಕಡೆ ತಿರುಗುವ ಮೊದಲು, ಅಜ್ಜಿ ಕಾಳು ಒಣಗಿಸುತ್ತಿದ್ದ ಜಾಗದಲ್ಲಿ ಕಾರು ನಿಲ್ಲಿಸಿದ. ನಾನು ಹೇಳಿರಲಿಲ್ಲ. ಇಳಿದು ಅವಳ ಹತ್ತಿರ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವಳು ಕಾರಿನ ಕಡೆ ಕೈ ತೋರಿಸಿ ಏನೋ ಕೇಳಿದ್ದು, ಅವನು ತಲೆಯಾಡಿಸಿದ್ದು ಕಾಣಿಸಿತು.